ಬಸ್ಸಿನಲ್ಲಿ ಕೇಳಿದ ನಿಕಿತಿನ್

ಕಮಲಾಪುರದಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುವವಳು ನಾನು. ಒಂದು ತಾಸಿನ ದಾರಿ. ಕಿಟಕಿ ಪಕ್ಕ ಸೀಟು ಸಿಕ್ಕರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಡು ಕೇಳುವುದು ಎಲ್ಲರ ಹಾಗೆ ನನಗೂ ರೂಢಿ. ಆದರೆ ಈ ವರ್ಷ ಮಳೆಗಾಲದಿಂದ ನಾನು ಕೇಳುತ್ತಿರುವುದು ಹಾಡಲ್ಲ, ರಷ್ಯನ್ ಭಾಷೆ. ಅದೂ ಮನುಷ್ಯರು ಮಾತಾಡಿದ್ದಲ್ಲ, ಕಂಪ್ಯೂಟರ್ ಓದಿದ್ದು. ಅದು ಓದುತ್ತಿದ್ದುದು ಸುಮಾರು 550 ವರ್ಷಗಳ ಹಿಂದೆ ನಮ್ಮ ಕಲಬುರಗಿಗೆ ಬಂದು ಹೋದ ಒಬ್ಬ ವ್ಯಾಪಾರಿಯ ಬರಹವನ್ನು. ಅವನ ಹೆಸರು ಅಫನಾಸಿ ನಿಕಿತಿನ್.

ಇದು ಶುರುವಾದದ್ದು ನಮ್ಮ ಅಣ್ಣನಿಂದ. ಅಣ್ಣ ರಷ್ಯಾದ ತ್ವೇರ್ ಎಂಬ ಊರಿನಲ್ಲಿ ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದಾನೆ. ಅವನನ್ನು ಕಳಿಸಲು ಅಪ್ಪ ಬ್ಯಾಂಕಿನಲ್ಲಿ ಸಾಲ ಮಾಡಿದ್ದಾರೆ. ಅದು ಸಾಲದ್ದಕ್ಕೆ ಕೆಂಪು ಬಾಳೆ ಹಚ್ಚುತ್ತಿದ್ದ ಒಂದು ತುಂಡು ಹೊಲವನ್ನೂ ಒತ್ತೆ ಇಟ್ಟಿದ್ದಾರೆ. ಅಲ್ಲಿ ಪಾಠ ಇಂಗ್ಲಿಷಿನಲ್ಲೇ ನಡೆದರೂ ಮೂರನೇ ವರ್ಷದಿಂದ ಆಸ್ಪತ್ರೆಗೆ ಹೋಗಬೇಕು, ರೋಗಿಗಳೊಂದಿಗೆ ಮಾತಾಡಬೇಕು. ಅಲ್ಲಿನ ಅಜ್ಜ ಅಜ್ಜಿಯರಿಗೆ ಎದೆ ನೋವು ಎಲ್ಲಿದೆ ಎಂದು ರಷ್ಯನ್ನಿನಲ್ಲೇ ಕೇಳಬೇಕು. ಅದಕ್ಕೆ ಅಣ್ಣ ಹುಡುಕಿಕೊಂಡ ಉಪಾಯ ಎಂದರೆ ಬರಹವನ್ನು ದನಿಯಾಗಿಸುವ ಆನ್‌ಲೈನ್ ಟೂಲ್. ಪಾಠದ ಸಾಲುಗಳನ್ನು ಅದರಲ್ಲಿ ಹಾಕುವುದು, ಗಂಡು ದನಿ ಆರಿಸುವುದು, ಹಾಸ್ಟೆಲಿನಿಂದ ಕಾಲೇಜಿಗೆ ನಡೆಯುವಾಗ ಕೇಳುತ್ತ ಬಾಯಲ್ಲಿ ಹೇಳಿಕೊಳ್ಳುವುದು. ಹೆಣ್ಣು ದನಿಗಿಂತ ಗಂಡು ದನಿಯನ್ನು ಅನುಕರಿಸುವುದು ತನಗೆ ಸುಲಭ ಎಂದು ಅವನು ಹೇಳುತ್ತಿದ್ದ.

ಒಂದು ದಿನ ಅಣ್ಣ ವೋಲ್ಗಾ ನದಿಯ ದಂಡೆಯ ಮೇಲಿರುವ ಒಂದು ಪ್ರತಿಮೆಯ ಫೋಟೊ ಕಳಿಸಿದ. ಹಡಗಿನ ಮುಂಭಾಗದ ಹಾಗಿರುವ ಪೀಠ, ಅದರ ಮೇಲೆ ಎತ್ತರದ ಗಡ್ಡದ ಮನುಷ್ಯ. 1955ರಲ್ಲಿ ನಿಲ್ಲಿಸಿದ್ದು. ಈ ಮನುಷ್ಯ ನಮ್ಮ ಊರಿನ ಕಡೆ ಬಂದಿದ್ದನಂತೆ, ಯಾರೆಂದು ನೋಡು ಎಂದು ಬರೆದಿದ್ದ. ನಾನು ನೋಡಿದೆ. ಬೀದರ, ಕಲಬುರಗಿ, ಆಳಂದ, ರಾಯಚೂರು, ಎಲ್ಲವೂ ಅವನ ಬರಹದಲ್ಲಿದ್ದವು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅದಕ್ಕೂ ಕಾಲು ಶತಮಾನ ಮೊದಲೇ ನಮ್ಮ ನೆಲದಲ್ಲಿ ಓಡಾಡಿದ ಈ ಮನುಷ್ಯನ ಬಗ್ಗೆ ಶಾಲೆಯಲ್ಲಿ ಒಂದು ಸಾಲು ಓದಿದ ನೆನಪಿತ್ತು. ಬಹಮನಿ ಅರಸರ ಕಾಲದ ವಿದೇಶಿ ಪ್ರವಾಸಿ, ಎರಡು ಅಂಕ. ಅಷ್ಟೇ.

ಅವನು ಪ್ರವಾಸಿಯಲ್ಲ, ಸಾಲಗಾರ ಎನ್ನುವುದು ತಿಳಿದದ್ದು ಆಮೇಲೆ.

ನಿಕಿತಿನ್ ತ್ವೇರಿನ ವ್ಯಾಪಾರಿ. ಊರು ಬಿಟ್ಟದ್ದು 1466ರಲ್ಲಿ ಎಂದು ಹಳೆಯ ಪುಸ್ತಕಗಳು ಹೇಳುತ್ತವೆ, 1468 ಎಂದು ಈಚಿನ ವಿದ್ವಾಂಸರು. ವೋಲ್ಗಾ ನದಿಯಲ್ಲಿ ದೋಣಿ ಇಳಿಸಿ ಕ್ಯಾಸ್ಪಿಯನ್ ಸಮುದ್ರದಾಚೆ ವ್ಯಾಪಾರ ಮಾಡಿ ಬರುವುದು ಅವನ ಲೆಕ್ಕ. ಇಂಡಿಯಾಕ್ಕೆ ಬರುವ ಯೋಚನೆ ಇರಲೇ ಇಲ್ಲ. ದಾರಿಯಲ್ಲಿ ಶಿರ್ವಾನ್ ಅರಸನ ರಾಯಭಾರಿಯ ಜೊತೆ ಸೇರಿಕೊಂಡ. ಆ ರಾಯಭಾರಿ ಮಾಸ್ಕೋದ ದೊರೆ ಕೊಟ್ಟ 90 ಬೇಟೆ ಗಿಡುಗಗಳನ್ನು ತೆಗೆದುಕೊಂಡು ಊರಿಗೆ ಮರಳುತ್ತಿದ್ದ. ಅಸ್ತ್ರಾಖಾನಿನ ಹತ್ತಿರ ತಾತಾರರು ಅಡ್ಡಗಟ್ಟಿ ದೋಣಿ ಲೂಟಿ ಮಾಡಿದರು. ನಿಕಿತಿನ್‌ನ ಸರಕೆಲ್ಲ ಲೂಟಿಯಾದ ದೋಣಿಯಲ್ಲಿತ್ತು. ಅವನ ಧರ್ಮದ ಪುಸ್ತಕಗಳೂ ಹೋದವು. ಮುಂದೆ ಕ್ಯಾಸ್ಪಿಯನ್ ಸಮುದ್ರದಲ್ಲಿ ಬಿರುಗಾಳಿಗೆ ಒಂದು ಹಡಗು ಒಡೆಯಿತು, ಜೊತೆಗಾರರಲ್ಲಿ ಕೆಲವರು ಸೆರೆಯಾದರು. ಶಿರ್ವಾನ್ ಅರಸನ ಮುಂದೆ ಹೋಗಿ ಊರಿಗೆ ಮರಳಲು ಸಹಾಯ ಬೇಡಿದರೆ ಏನೂ ಸಿಗಲಿಲ್ಲ.

ಅಲ್ಲಿಂದ ಎಲ್ಲರೂ ಚದುರಿದರು. ಊರಿನಲ್ಲಿ ಏನಾದರೂ ಆಸ್ತಿ ಇದ್ದವರು ಊರಿನ ದಾರಿ ಹಿಡಿದರು, ಸಾಲ ಇದ್ದವರು ಕಣ್ಣು ಹೋದ ಕಡೆ ನಡೆದರು ಎಂಬರ್ಥದಲ್ಲಿ ಅವನು ಬರೆದುಕೊಂಡಿದ್ದಾನೆ. ಇದನ್ನು ನಾನು ಮೊದಲು ಇಂಗ್ಲಿಷಿನಲ್ಲಿ ಓದಿದೆ. ಓದಿದವಳಿಗೆ ಅಪ್ಪ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿದ ಮಧ್ಯಾಹ್ನ ನೆನಪಾಯಿತು. ಬರಿಗೈಯಲ್ಲಿ ಊರಿಗೆ ಹೋದರೆ ಸಾಲಗಾರರ ಮುಂದೆ ನಿಲ್ಲಬೇಕು. ಹಾಗಾಗಿ ನಿಕಿತಿನ್ ಬಾಕು ದಾಟಿ, ಪರ್ಶಿಯಾದ ಉದ್ದಕ್ಕೂ ಊರೂರಲ್ಲಿ ತಿಂಗಳುಗಟ್ಟಲೆ ನಿಂತು, ಕೊನೆಗೆ ಹೊರ್ಮುಜ್ ಬಂದರಿಗೆ ಬಂದ. ಇಂಡಿಯಾದಲ್ಲಿ ಕುದುರೆಗೆ ಭಾರಿ ಬೆಲೆ ಎಂದು ಅಲ್ಲಿ ಕೇಳಿ ತಿಳಿದ. ಒಂದು ಗಂಡು ಕುದುರೆ ಕೊಂಡು ಹಡಗು ಹತ್ತಿದ. ಜುನ್ನರ್ ತಲುಪುವ ಹೊತ್ತಿಗೆ ಆ ಕುದುರೆಗೆ ಬಿದ್ದ ಖರ್ಚು 100 ರೂಬಲ್. ಅವನಲ್ಲಿದ್ದ ಎಲ್ಲವೂ ಆ ಒಂದು ಕುದುರೆಯ ಮೇಲಿತ್ತು.

ಇಷ್ಟು ಓದಿದ ಮೇಲೆ ಇವನ ಮಾತು ಅವನದೇ ಭಾಷೆಯಲ್ಲಿ ಹೇಗಿರುತ್ತದೆ ಎಂದು ಕೇಳುವ ಆಸೆಯಾಯಿತು. ನನಗೆ ರಷ್ಯನ್ನಿನ ಒಂದಕ್ಷರವೂ ಬಾರದು. ಅಣ್ಣ ತನ್ನ ಟೂಲಿನ ಲಿಂಕ್ ಕಳಿಸಿದ. ಪಟ್ಟಿಯಲ್ಲಿ ಗಂಡು ದನಿಯೊಂದಕ್ಕೆ ದಿಮಿತ್ರಿ ಎಂದು ಹೆಸರಿತ್ತು. ಅದೇ ಪಟ್ಟಿಯಲ್ಲಿ ಕನ್ನಡಕ್ಕೂ ಗಗನ್ ಎಂಬ ಗಂಡು ದನಿ ಇದೆ. ನಿಕಿತಿನ್ ಬರಹದ ಮೂಲ ಪಾಠವನ್ನು ಹುಡುಕಿ ಪೆಟ್ಟಿಗೆಯೊಳಗೆ ಹಾಕಿ ಗುಂಡಿ ಒತ್ತಿದೆ. ದಿಮಿತ್ರಿ ನಾಲ್ಕು ಪದ ಓದಿ ತಡವರಿಸಿದ. ಅದು 15ನೇ ಶತಮಾನದ ರಷ್ಯನ್. 1918ರ ಸುಧಾರಣೆಯಲ್ಲಿ ಕೈಬಿಟ್ಟ ಅಕ್ಷರಗಳೆಲ್ಲ ಅದರಲ್ಲಿದ್ದವು. ದನಿಗೆ ಕಲಿಸಿದ್ದು ಇಂದಿನ ಭಾಷೆಯನ್ನು. ಕೊನೆಗೆ ಇಂದಿನ ರಷ್ಯನ್ನಿಗೆ ತಂದ ಪಾಠ ಸಿಕ್ಕಿತು. ಉಚಿತವಾಗಿ ಬಳಸುವವರಿಗೆ ಒಂದು ಸಲಕ್ಕೆ ಇಷ್ಟೇ ಅಕ್ಷರ ಎಂಬ ಮಿತಿ ಇರುವುದರಿಂದ ತುಂಡು ತುಂಡು ಮಾಡಿ ದನಿ ಇಳಿಸಿಕೊಂಡೆ. ಇಂಗ್ಲಿಷ್ ಅನುವಾದ ತೊಡೆಯ ಮೇಲೆ, ದಿಮಿತ್ರಿ ಕಿವಿಯಲ್ಲಿ, ಬಸ್ಸು ಮಹಾಗಾಂವ ಕ್ರಾಸಿನಲ್ಲಿ.

ಇಂಥ ದನಿ ಹೇಗೆ ತಯಾರಾಗುತ್ತದೆ ಎಂದು ಗೊತ್ತಾದಾಗ ಇನ್ನಷ್ಟು ಕುತೂಹಲ ಹುಟ್ಟಿತು. ಒಬ್ಬ ಮನುಷ್ಯ ಗಂಟೆಗಟ್ಟಲೆ ಓದಿದ್ದನ್ನು ರೆಕಾರ್ಡ್ ಮಾಡಿ, ಯಾವ ಬರಹಕ್ಕೆ ಯಾವ ಸದ್ದು ಎಂಬುದನ್ನು ಕಂಪ್ಯೂಟರಿಗೆ ಕಲಿಸುತ್ತಾರೆ. ಆಮೇಲೆ ಆ ಮನುಷ್ಯ ಯಾವತ್ತೂ ಓದದ ವಾಕ್ಯವನ್ನೂ ಅದು ಅವನ ದನಿಯಲ್ಲೇ ಹೇಳುತ್ತದೆ. ನಮ್ಮ ಕನ್ನಡ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆ. ರಷ್ಯನ್ ಹಾಗಲ್ಲ. ಪದದ ಯಾವ ಭಾಗಕ್ಕೆ ಒತ್ತು ಕೊಡಬೇಕೆಂದು ಬರಹದಲ್ಲಿ ಇರುವುದಿಲ್ಲ. ಒಂದೇ ಪದವನ್ನು ಮೊದಲ ಸ್ವರ ಒತ್ತಿ ಜಾಮಕ್ ಎಂದರೆ ಕೋಟೆ, ಎರಡನೆಯದನ್ನು ಒತ್ತಿ ಜಮೋಕ್ ಎಂದರೆ ಬೀಗ. ಅಕ್ಕಪಕ್ಕದ ಪದ ನೋಡಿ ಕಂಪ್ಯೂಟರ್ ಊಹಿಸಬೇಕು. ಊರಿನ ಹೆಸರು ಬಂದರೆ ಊಹೆ ತಪ್ಪುವುದೇ ಹೆಚ್ಚು. ಮನುಷ್ಯನ ದನಿಯನ್ನು ಯಂತ್ರದಿಂದ ಹೊರಡಿಸುವ ಈ ಆಸೆಯೂ ಹೊಸದಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿ 1780ರಲ್ಲೇ, ಕೊಳವೆಗಳಿಂದ ಐದು ಸ್ವರಗಳನ್ನು ನುಡಿಸಿದ ಕ್ರಾಟ್ಜೆನ್‌ಸ್ಟೈನ್ ಎಂಬ ಪ್ರೊಫೆಸರನಿಗೆ ಬಹುಮಾನ ಕೊಟ್ಟಿತ್ತು.

ಮತ್ತೆ ನಿಕಿತಿನ್ ಕಥೆಗೆ ಬರುತ್ತೇನೆ. ಹೊರ್ಮುಜ್‌ನಿಂದ ಹೊರಟ ಹಡಗು ಈಗಿನ ಮಹಾರಾಷ್ಟ್ರದ ಚೌಲ್ ಬಂದರಿಗೆ ಬಂತು. ಬಿಳಿ ಮನುಷ್ಯನನ್ನು ನೋಡಿ ಬೆರಗಾದ ಜನ ಅವನು ಹೋದಲ್ಲೆಲ್ಲ ಹಿಂದೆ ಹಿಂದೆ ಬರುತ್ತಿದ್ದರಂತೆ. ತ್ವೇರಿನಲ್ಲಿ ಮೊದಲ ವಾರ ಬಸ್ಸಿನಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದರು ಎಂದು ಅಣ್ಣ ಹೇಳಿದ್ದ. ಅವನ ಊರಿನವರು ಇವನನ್ನು ನೋಡಿದರು, ಇವನ ನಾಡಿನವರು ಅವನನ್ನು ನೋಡಿದ್ದರು. ಲೆಕ್ಕ ಸರಿಹೋಯಿತು.

ಜುನ್ನರ್‌ನಲ್ಲಿ ಅವನ ಜೀವನದ ದೊಡ್ಡ ಪರೀಕ್ಷೆ ಎದುರಾಯಿತು. ಅಲ್ಲಿನ ಅಧಿಕಾರಿ ಅಸದ್ ಖಾನ್, ಈ ವ್ಯಾಪಾರಿ ಮುಸಲ್ಮಾನನಲ್ಲ ಎಂದು ತಿಳಿದು ಕುದುರೆ ಕಿತ್ತುಕೊಂಡ. ಮತಾಂತರವಾದರೆ ಕುದುರೆಯೂ ವಾಪಸ್, ಮೇಲೆ ಸಾವಿರ ಚಿನ್ನದ ನಾಣ್ಯ. ಒಪ್ಪದಿದ್ದರೆ ಕುದುರೆಯೂ ಹೋಯಿತು, ಸಾವಿರ ನಾಣ್ಯ ದಂಡವೂ ಬಿತ್ತು. ನಾಲ್ಕು ದಿನ ಗಡುವು. ಸಾಲದಲ್ಲಿ ಮುಳುಗಿದವನ ಮುಂದೆ ಸಾವಿರ ನಾಣ್ಯ ಇಟ್ಟು ನೀನು ಯಾರು ಎಂದು ಕೇಳಿದ ಹಾಗೆ. ನಿಕಿತಿನ್ ಒಪ್ಪಲಿಲ್ಲ. ಗಡುವು ಮುಗಿಯುವ ಹೊತ್ತಿಗೆ ಅವನನ್ನು ಪಾರು ಮಾಡಿದ್ದು ಖುರಾಸಾನಿನ ಮಹಮ್ಮದ್ ಎಂಬ ಒಬ್ಬ ಮುಸಲ್ಮಾನನೇ. ಅವನು ಹೋಗಿ ಖಾನನ ಬಳಿ ಮಾತಾಡಿ ಕುದುರೆ ಬಿಡಿಸಿಕೊಟ್ಟ. ಈ ಭಾಗವನ್ನು ದಿಮಿತ್ರಿ ಓದುವಾಗ ದನಿಯಲ್ಲಿ ಏನೂ ಬದಲಾಗಲಿಲ್ಲ. ಮುಂದೆ ಕುದುರೆಯ ಮೇವಿನ ಲೆಕ್ಕ ಓದಿದ್ದೂ ಅದೇ ದನಿಯಲ್ಲೇ. ಅನುವಾದ ನೋಡಿದ್ದರಿಂದ ಎಲ್ಲಿ ಉಸಿರು ಬಿಗಿ ಹಿಡಿಯಬೇಕು ಎಂದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಜುನ್ನರ್‌ನಲ್ಲಿ ಮಳೆಗಾಲ ಕಳೆದು, ಒಂದು ತಿಂಗಳು ನಡೆದು ಬೀದರ ಸೇರಿದ. ಆಗ ಬೀದರ ಬಹಮನಿ ರಾಜಧಾನಿ. ಕಲಬುರಗಿಯಿಂದ ರಾಜಧಾನಿ ಅಲ್ಲಿಗೆ ಹೋಗಿ ನಾಲ್ಕು ದಶಕಗಳಾಗಿದ್ದವು. ಮೂರನೇ ಮುಹಮ್ಮದ್ ಶಾ ಇಪ್ಪತ್ತರ ಹರೆಯದ ಸುಲ್ತಾನ. ಆಡಳಿತವೆಲ್ಲ ಮಹಮೂದ್ ಗವಾನನ ಕೈಯಲ್ಲಿ. ಬೀದರದಲ್ಲಿ ಇಂದೂ ನಿಂತಿರುವ ಗವಾನನ ಮದರಸಾ 1472ರಲ್ಲಿ ಪೂರ್ಣವಾಯಿತು. ಅರಮನೆಗೆ ಏಳು ಬಾಗಿಲು, ಒಂದೊಂದು ಬಾಗಿಲಲ್ಲಿ ನೂರು ಕಾವಲುಗಾರರು, ನೂರು ಬರಹಗಾರರು, ಹೋಗುವವರ ಬರುವವರ ಹೆಸರೆಲ್ಲ ದಾಖಲು. ದೊಡ್ಡವರನ್ನು ಬೆಳ್ಳಿ ಮಂಚದಲ್ಲಿ ಹೊತ್ತು ನಡೆಯುತ್ತಾರೆ, ಮುಂದೆ ಬಂಗಾರದ ಸಾಜಿನ ಕುದುರೆಗಳು. ಹಳ್ಳಿಯ ಜನ ಮಾತ್ರ ಬಹಳ ಬಡವರು. ನಿಕಿತಿನ್ ಇದನ್ನು ಕಂಡು ಒಂದರ ಪಕ್ಕದಲ್ಲಿ ಒಂದು ಬರೆದಿಟ್ಟಿದ್ದಾನೆ. ಅರಮನೆಯ ವೈಭವ ಬರೆದವರು ಬೇಕಾದಷ್ಟು ಜನ. ಹೊಲದ ಜನರತ್ತ ನೋಡಿದವರು ಕಡಿಮೆ.

ಬೀದರದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಕುದುರೆ ಮಾರಿದ. ಒಂದು ವರ್ಷ ಸಾಕಿದ ಖರ್ಚು ಕಳೆದರೆ ದೊಡ್ಡ ಲಾಭವೇನೂ ಆಗಲಿಲ್ಲ. ರಷ್ಯಾಕ್ಕೆ ಒಯ್ಯುವಂಥ ಸರಕು ಇಲ್ಲಿ ಹೇರಳ ಎಂದು ಹೇಳಿದವರು ತನಗೆ ಮೋಸ ಮಾಡಿದರು ಎಂದು ಸಿಟ್ಟಾಗಿದ್ದಾನೆ. ಮೆಣಸು ಮತ್ತು ಬಣ್ಣ ಅಗ್ಗ, ಆದರೆ ಸುಂಕ ಹೆಚ್ಚು, ಸಮುದ್ರದಲ್ಲಿ ಕಳ್ಳರ ಕಾಟ. ಇಷ್ಟು ದೂರ ಬಂದದ್ದು ಯಾವುದಕ್ಕೋ ಅದು ಕೈಗೂಡಲಿಲ್ಲ.

ಆದರೆ ಬೀದರದಲ್ಲಿ ಅವನಿಗೆ ಜನ ಸಿಕ್ಕರು. ಅಲ್ಲಿಯವರೆಗೆ ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಲ್ಲಿ ಓಡಾಡುತ್ತಿದ್ದವನು, ತನ್ನ ನಿಜವಾದ ಹೆಸರನ್ನೂ ಧರ್ಮವನ್ನೂ ಇಲ್ಲಿನ ಹಿಂದೂಗಳ ಮುಂದೆ ಹೇಳಿಕೊಂಡ. ಅಂದಿನಿಂದ ಅವರು ಅವನಿಂದ ಏನನ್ನೂ ಮುಚ್ಚಿಡಲಿಲ್ಲವಂತೆ. ಊಟ, ಪೂಜೆ, ವ್ಯಾಪಾರ ಎಲ್ಲ ಹೇಳಿದರು, ಮನೆಯ ಹೆಂಗಸರನ್ನೂ ಮರೆಮಾಡಲಿಲ್ಲ. ಶಿವರಾತ್ರಿಗೆ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಜೊತೆ ಅವನೂ ಹೊರಟ. ಕರಿಕಲ್ಲಿನ ದೊಡ್ಡ ನಂದಿ, ಅದರ ಗೊರಸಿಗೆ ಮುತ್ತಿಡುವ ಜನ, ಹೂವು, ಎಲ್ಲವನ್ನೂ ಬರೆದಿದ್ದಾನೆ. ನಮ್ಮ ಕಡೆಯವರು ಇಂದಿಗೂ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ನಮ್ಮ ಅಜ್ಜಿಯೂ ಹೋಗಿದ್ದಳು. ಅಂಥ ಗುಂಪಿನಲ್ಲಿ ಒಬ್ಬ ರಷ್ಯನ್ ನಡೆದಿದ್ದ ಎಂದು ಅವ್ವನಿಗೆ ಹೇಳಿದೆ. ಅವನ ಊಟಕ್ಕೆ ಏನು ಮಾಡುತ್ತಿದ್ದರು ಎಂದು ಅವ್ವ ಕೇಳಿದಳು.

ಊಟದ ವಿಷಯ ಅವನ ಬರಹದಲ್ಲಿ ಬಹಳ ಇದೆ. ಕುದುರೆಗೆ ಕಡಲೆ ಹಾಕುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಖಿಚಡಿ ಬೇಯಿಸಿ ತಿನ್ನಿಸುತ್ತಾರೆ ಎನ್ನುತ್ತಾನೆ. ಆ ಸಾಲನ್ನು ದಿಮಿತ್ರಿ ಓದುವಾಗ ನಾನು ಸೀಟಿನಲ್ಲಿ ನೆಟ್ಟಗೆ ಕುಳಿತೆ. ಅರ್ಥವಾಗದ ನೂರು ಪದಗಳ ನಡುವೆ ಖಿಚಡಿ ಎಂಬ ಪದ ತುಸು ಸೊಟ್ಟಗಾಗಿ ಕೇಳಿಸಿತ್ತು. ಇನ್ನೊಂದು ದಿನ ಆಳಂದದ ಭಾಗ ಬಂತು. ಸಂತ ಶೇಖ್ ಅಲಾವುದ್ದೀನರ ಹೆಸರಿನಲ್ಲಿ ಅಲ್ಲಿ ವರ್ಷಕ್ಕೊಮ್ಮೆ ಹತ್ತು ದಿನದ ಸಂತೆ, ಮಾರಲು ಬರುವ ಕುದುರೆಗಳೇ 20 ಸಾವಿರ ಎಂದು ಬರೆದಿದ್ದಾನೆ. ಇಂದು ಲಾಡ್ಲೆ ಮಶಾಯಖ್ ದರ್ಗಾ ಎಂದು ನಾವು ಕರೆಯುವುದು ಅದೇ ಸಂತರ ದರ್ಗಾವನ್ನು. ಅದೇ ಆಳಂದದಲ್ಲಿ ಒಂದು ಹಕ್ಕಿ ಇದೆ, ರಾತ್ರಿ ಹಾರುತ್ತದೆ, ಯಾವ ಮನೆಯ ಮೇಲೆ ಕೂರುತ್ತದೋ ಆ ಮನೆಯಲ್ಲಿ ಸಾವು ಎನ್ನುತ್ತಾನೆ. ಹಕ್ಕಿಯ ಹೆಸರನ್ನು ದಿಮಿತ್ರಿ ಗುಕುಕ್ ಎಂದು ಓದಿದ. ನಾನು ಇಯರ್‌ಫೋನ್ ತೆಗೆದು ಒಬ್ಬಳೇ ನಕ್ಕೆ. ಅದು ನಮ್ಮ ಗೂಗಿ! ಗೂಗಿ ಕೂತರೆ ಮನೆಗೆ ಕೇಡು ಎಂದು ನಮ್ಮ ಅಜ್ಜಿ ಹೇಳುತ್ತಿದ್ದುದೂ ಅದನ್ನೇ. ಯಾರೋ ಹೀಗೇ ಒಬ್ಬ ಅಜ್ಜಿ ಅವನಿಗೂ ಹೇಳಿರಬೇಕು ಎಂದು ನನಗನಿಸಿತು. ಕಣ್ಣಿನಲ್ಲಿ ಓದಿದಾಗ ಆ ಪದ ನನಗೆ ತಗುಲಿರಲಿಲ್ಲ, ಕಿವಿಗೆ ಬಿದ್ದಾಗ ಗುರುತು ಸಿಕ್ಕಿತು.

ಬೀದರದಿಂದ ಕಲಬುರಗಿ ಕಡೆಗಿನ ದಾರಿಯಲ್ಲಿ ದಿನಕ್ಕೆ ಮೂರು, ಕೆಲವು ದಿನ ನಾಲ್ಕು ಊರು ಸಿಗುತ್ತವೆ ಎಂದು ನಿಕಿತಿನ್ ಲೆಕ್ಕ ಕೊಡುತ್ತಾನೆ. ಆ ಸಣ್ಣ ಊರುಗಳ ಹೆಸರು ಬರೆದಿಲ್ಲ. ಇಂದಿನ ಬೀದರ–ಕಲಬುರಗಿ ರಸ್ತೆಯ ಮೇಲಿರುವ ನಮ್ಮ ಕಮಲಾಪುರದ ಹೆಸರೂ ಇಲ್ಲ. ಆದರೂ ಬಸ್ಸು ಊರು ಬಿಡುವಾಗ ರಸ್ತೆ ಬದಿಯಲ್ಲಿ ಕೆಂಪು ಬಾಳೆಗೊನೆ ಇಟ್ಟುಕೊಂಡು ಕೂತವರನ್ನು ನೋಡಿದರೆ ನನಗೆ ಆ ಮೂರು ನಾಲ್ಕು ಊರುಗಳ ಲೆಕ್ಕ ನೆನಪಾಗುತ್ತದೆ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ನಿಕಿತಿನ್ ಬಂದಾಗಲೇ ಅದಕ್ಕೆ ನೂರು ವರ್ಷ ದಾಟಿತ್ತು. ಅವನು ಕಂಡ ಊರಿನಲ್ಲಿ ನಾನು ಇಂದೂ ಕಣ್ಣಾರೆ ಕಾಣಬಹುದಾದದ್ದು ಅದು.

ಅವನ ಬರಹದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕುದುರೆಯೂ ಅಲ್ಲ, ಅರಮನೆಯೂ ಅಲ್ಲ, ತಿಥಿ. ಪುಸ್ತಕಗಳು ಲೂಟಿಯಾದ ಮೇಲೆ ಅವನಿಗೆ ಈಸ್ಟರ್ ಯಾವಾಗ, ಉಪವಾಸ ಯಾವಾಗ ಎಂಬ ಲೆಕ್ಕ ತಪ್ಪಿಹೋಯಿತು. ಮುಸಲ್ಮಾನರ ಹಬ್ಬ ನೋಡಿ, ಅದಕ್ಕಿಂತ ಒಂಬತ್ತೋ ಹತ್ತೋ ದಿನ ಮೊದಲು ತನ್ನ ಹಬ್ಬ ಇರಬಹುದು ಎಂದು ಅಂದಾಜು ಕಟ್ಟಿದ. ಬೀದರದಲ್ಲಿ ನಿಂತು ಆಕಾಶದಲ್ಲಿ ಕೃತ್ತಿಕೆ ಎಲ್ಲಿದೆ, ಸಪ್ತರ್ಷಿಗಳ ತಲೆ ಯಾವ ಕಡೆ ಇದೆ ಎಂದು ನೋಡಿ ಬರೆದುಕೊಂಡ. ಇಲ್ಲಿನ ಮುಸಲ್ಮಾನರ ಜೊತೆ ಅವರ ಉಪವಾಸವನ್ನೂ ಮಾಡಿದ. ಮತ್ತೆ ತಾನು ಇನ್ನೂ ಕ್ರೈಸ್ತನೇ ಹೌದೋ ಅಲ್ಲವೋ ಎಂದು ದೇವರ ಮುಂದೆ ಅತ್ತುಕೊಂಡ. ಜುನ್ನರ್‌ನಲ್ಲಿ ಸಾವಿರ ನಾಣ್ಯಕ್ಕೆ ಜಗ್ಗದವನು ಒಂಟಿತನದಲ್ಲಿ ಸಣ್ಣ ಸಣ್ಣದಾಗಿ ಕರಗುತ್ತಿದ್ದ. ಬರಹದ ಕೊನೆಯಲ್ಲಿರುವ ಪ್ರಾರ್ಥನೆ ರಷ್ಯನ್ನಿನಲ್ಲೇ ಇಲ್ಲ. ಅರಬ್ಬಿ, ಪರ್ಶಿಯನ್, ತುರ್ಕಿ ಪದಗಳನ್ನು ರಷ್ಯನ್ ಅಕ್ಷರದಲ್ಲಿ ಬರೆದದ್ದು. ದಿಮಿತ್ರಿ ಅದನ್ನೂ ರಷ್ಯನ್ ಎಂದೇ ತಿಳಿದು ಓದಿಬಿಟ್ಟ. ಆದರೆ ಕಲಬುರಗಿಯಲ್ಲಿ ಬೆಳೆದ ಯಾರಿಗಾದರೂ ಆ ಪದಗಳು ಗೊತ್ತಾಗುತ್ತವೆ. ಖುದಾ, ಅಕ್ಬರ್, ರಹೀಮ್. ದರ್ಗಾ ರಸ್ತೆಯಲ್ಲಿ ದಿನಾ ಕಿವಿಗೆ ಬೀಳುವ ಪದಗಳು.

ಕಳೆದ ವರ್ಷ ಅಣ್ಣ ಎಳ್ಳ ಅಮಾವಾಸ್ಯೆ ಯಾವತ್ತು ಎಂದು ಫೋನಿನಲ್ಲಿ ಕೇಳಿದ್ದ. ಅವತ್ತು ಹಬ್ಬ ಮುಗಿದು ಎರಡು ದಿನವಾಗಿತ್ತು. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡಬು ಉಂಡು ನಾವೆಲ್ಲ ಮನೆಗೆ ಬಂದಾಗಿತ್ತು. ಅವ್ವ ಫೋನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮೊಬೈಲಿನಲ್ಲೇ ಕ್ಯಾಲೆಂಡರ್ ಇರುವಾಗ ಇವನಿಗೇನು ಕಷ್ಟ ಎಂದು ನನಗೆ ಸಿಟ್ಟು ಬಂದಿತ್ತು. ನಿಕಿತಿನ್ ಓದಿದ ಮೇಲೆ ಆ ಸಿಟ್ಟು ಉಳಿಯಲಿಲ್ಲ.

ನಿಕಿತಿನ್ ಸುಮಾರು ಮೂರು ವರ್ಷ ಈ ನೆಲದಲ್ಲಿದ್ದ. ಕೊನೆಗೆ ಕಲಬುರಗಿಯಿಂದ ಆಳಂದಕ್ಕೆ, ಅಲ್ಲಿಂದ ದಾಭೋಳ ಬಂದರಿಗೆ ಹೋಗಿ ಎರಡು ಚಿನ್ನದ ನಾಣ್ಯ ಕೊಟ್ಟು ಹಡಗು ಹತ್ತಿದ. ಗಾಳಿ ಹಡಗನ್ನು ಇಥಿಯೋಪಿಯಾದ ಕರಾವಳಿಗೆ ತಳ್ಳಿತು. ಅಲ್ಲಿನವರಿಗೆ ಅಕ್ಕಿ, ಮೆಣಸು, ರೊಟ್ಟಿ ಹಂಚಿ ಪಾರಾದರು. ಪರ್ಶಿಯಾ ದಾಟಿ ಕಪ್ಪು ಸಮುದ್ರದ ಟ್ರೆಬಿಜೋಂಡಿಗೆ ಬಂದರೆ, ಕಾಗದಪತ್ರ ಹುಡುಕುವ ನೆಪದಲ್ಲಿ ಅಲ್ಲಿನ ಅಧಿಕಾರಿಗಳು ಇದ್ದ ಅಷ್ಟಿಷ್ಟನ್ನೂ ಕಿತ್ತುಕೊಂಡರು. ಹೇಗೋ ಕ್ರೈಮಿಯಾದ ಕಾಫಾ ತಲುಪಿದ. ಕ್ಯಾಸ್ಪಿಯನ್, ಹಿಂದೂ ಮಹಾಸಾಗರ, ಕಪ್ಪು ಸಮುದ್ರ ಹೀಗೆ ಮೂರು ಸಮುದ್ರ ದಾಟಿದ್ದಾಯಿತು. ಆದರೆ ಮನೆ ಮುಟ್ಟಲಿಲ್ಲ. ತ್ವೇರಿಗೆ ಹೋಗುವ ದಾರಿಯಲ್ಲಿ ಸ್ಮೋಲೆನ್ಸ್ಕ್ ಹತ್ತಿರ ತೀರಿಕೊಂಡ. ಅವನ ಕೈಬರಹದ ಹಾಳೆಗಳನ್ನು ವ್ಯಾಪಾರಿಗಳು 1475ರಲ್ಲಿ ಮಾಸ್ಕೋಗೆ ತಂದು ವಾಸಿಲಿ ಮಾಮಿರೆವ್ ಎಂಬ ಅಧಿಕಾರಿಗೆ ಒಪ್ಪಿಸಿದರು. ಮುಂದೆ ಅದು ಒಂದು ಮಠದ ಗ್ರಂಥಭಂಡಾರದಲ್ಲಿ ಮಲಗಿತ್ತು. 19ನೇ ಶತಮಾನದ ಆರಂಭದಲ್ಲಿ ಕರಮ್ಜಿನ್ ಎಂಬ ಇತಿಹಾಸಕಾರ ಕಂಡು ಬೆಳಕಿಗೆ ತಂದ. 1957ರಲ್ಲಿ ನಮ್ಮವರೂ ರಷ್ಯನ್ನರೂ ಸೇರಿ ಅವನ ಮೇಲೆ ಪರದೇಸಿ ಎಂಬ ಸಿನಿಮಾ ಮಾಡಿದರು. ನರ್ಗೀಸ್ ಅದರಲ್ಲಿ ನಟಿಸಿದ್ದಳು.

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಅವನು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಪ್ರತಿಮೆಯ ಕೆಳಗೆ ದಿನಾ ಓಡಾಡುತ್ತೇನೆ, ಅವನು ಊರು ಮುಟ್ಟಲಿಲ್ಲ ಎಂದು ಗೊತ್ತಿರಲಿಲ್ಲ ಎಂದ. ದಿಮಿತ್ರಿ ಓದಿದ್ದನ್ನು ಕಳಿಸಿದೆ. ಕಲಬುರಗಿಯ ಹೆಸರಿಗೆ ಒತ್ತು ತಪ್ಪಾಗಿದೆ, ನಾನು ಓದಿ ಕಳಿಸುತ್ತೇನೆ ತಡಿ ಎಂದ. ಎರಡು ದಿನ ಬಿಟ್ಟು, ನಿಕಿತಿನ್ ಕಲಬುರಗಿಯಿಂದ ಆಳಂದಕ್ಕೆ ಹೊರಟ ಸಾಲುಗಳನ್ನು ತಾನೇ ರಷ್ಯನ್ನಿನಲ್ಲಿ ಓದಿ ಧ್ವನಿಸಂದೇಶ ಕಳಿಸಿದ.

ರಾತ್ರಿ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಎರಡನ್ನೂ ಕೇಳಿಸಿದೆ. ಮೊದಲು ದಿಮಿತ್ರಿಯದು. ಅವ್ವ ರೊಟ್ಟಿ ತಿರುವಿ ಹಾಕುತ್ತಲೇ ಕೇಳಿದಳು, ರೇಡಿಯೊ ಇದ್ದಂಗ ಐತಿ ಎಂದಳು. ಆಮೇಲೆ ಅಣ್ಣನದು. ಅವ್ವ ಕೈ ನಿಲ್ಲಿಸಿದಳು. ಇನ್ನೊಮ್ಮೆ ಹಚ್ಚು ಎಂದಳು. ಹಚ್ಚಿದೆ. ಒಂದು ಪದವೂ ಅವಳಿಗೆ ತಿಳಿಯುವಂತಿರಲಿಲ್ಲ. ಪೂರ್ತಿ ಕೇಳಿ, ಇವಗ ನೆಗಡಿ ಆಗ್ಯದ, ಮೂಗು ಕಟ್ಟ್ಯದ, ಫೋನ್ ಹಚ್ಚು ಎಂದಳು.

ಫೋನ್ ಹಚ್ಚಿದೆ. ಒಂದು ವಾರದಿಂದ ಜ್ವರ ಇತ್ತು, ನೀವು ಹೆದರುತ್ತೀರಿ ಎಂದು ಹೇಳಿರಲಿಲ್ಲ ಎಂದು ಅಣ್ಣ ಒಪ್ಪಿಕೊಂಡ. ಅವ್ವ ಬೈದಳು. ಆಮೇಲೆ ಈ ವರ್ಷದ ಎಳ್ಳ ಅಮಾವಾಸ್ಯೆಯ ತಾರೀಖು ಹೇಳಿ, ಗೋಡೆಯ ಮೇಲೆ ಬರೆದುಕೋ ಎಂದಳು.